ರೋಸಿನ ಕ್ಯಾಸೆಟ್

ಅಮ್ಮ ತೀರಿಹೋಗಿ ವರ್ಷವಾಗುತ್ತಾ ಬಂದಿತ್ತು. ವರ್ಷದ ಬಲಿಪೂಜೆ ಶಿರ್ವದ ಇಗರ್ಜಿಯಲ್ಲಿ, ಊಟ ಪಕ್ಕದ ಹಾಲ್‌ನಲ್ಲಿ ಎಂದು ಅಣ್ಣ ನಿಶ್ಚಯಿಸಿದ. ನಿಶ್ಚಯಿಸುವುದು ಅವನ ಕೆಲಸ, ಅದಕ್ಕೆ ಬೇಕಾದ ಓಡಾಟ ನನ್ನದು. ಇದು ನಮ್ಮ ಮನೆಯ ಹಳೆಯ ಏರ್ಪಾಡು, ಯಾರೂ ಕೂತು ಮಾತಾಡಿ ಮಾಡಿಕೊಂಡದ್ದಲ್ಲ. ಗಲ್ಫ್ ಬಿಟ್ಟು ಬಂದು ಕಾಪುವಿನಲ್ಲಿ ಸಮುದ್ರ ಕಾಣುವ ಫ್ಲ್ಯಾಟ್ ಕೊಂಡ ಮೇಲೂ ಅವನು ಎಲ್ಲವನ್ನೂ ಫೋನಿನಲ್ಲೇ ಹೇಳುತ್ತಾನೆ, ಇನ್ನೂ ಅಲ್ಲೇ ಇರುವವನಂತೆ. ಕಟಪಾಡಿಯ ನನ್ನ ಮನೆಗೂ ಅವನ ಫ್ಲ್ಯಾಟಿಗೂ ಮಧ್ಯೆ ಇರುವುದು ಒಂದು ತುಂಡು ಹೆದ್ದಾರಿ.

"ಅಮ್ಮನದ್ದೊಂದು ವಿಡಿಯೋ ಮಾಡಿಸು," ಎಂದ. "ಊಟಕ್ಕೆ ಮೊದಲು ಹಾಕುವ. ಫೋಟೋಗಳುಂಟು, ನಿನ್ನ ರೋಸಿನ ಕ್ಯಾಸೆಟ್ ಉಂಟಲ್ವಾ, ನಾನೇ ತೆಗೆದದ್ದು? ಅದರಲ್ಲಿ ಅಮ್ಮ ಇರ್ತಾಳೆ. ಅದನ್ನು ಕಂಪ್ಯೂಟರಿಗೆ ಹಾಕಿಸಿ, ಸ್ವಲ್ಪ ಎಡಿಟ್ ಮಾಡಿಸಿ, ಹಿಂದೆ ಒಳ್ಳೆ ಮ್ಯೂಸಿಕ್ ಇಡಿಸು."

ಮನೆಯಲ್ಲಿ ನಾವು ಮಾತಾಡುವುದು ಕೊಂಕಣಿ. ನಾನಿಲ್ಲಿ ಬರೆಯುತ್ತಿರುವುದು ಅದರ ಕನ್ನಡ. ಯಾವ ಭಾಷೆಯಲ್ಲಾದರೂ ಅದು ಅಪ್ಪಣೆಯೇ.

ನಾನು ಆಗಲಿ ಎಂದೆ. ಅವನಿಗಾಗಿ ಅಲ್ಲ. ಆ ಕ್ಯಾಸೆಟ್ಟಿನಲ್ಲಿ ನನಗೆ ಬೇಕಾದ ಒಂದು ಸಾಲು ಇತ್ತು.

ಮದುವೆಯ ಹಿಂದಿನ ದಿನ ಹುಡುಗಿಯನ್ನು ಚಪ್ಪರದಲ್ಲಿ ಕೂರಿಸಿ ಎಣ್ಣೆ, ತೆಂಗಿನ ಹಾಲು ಹಚ್ಚುವುದು ನಮ್ಮ ಕ್ರಮ. ಅದನ್ನೇ ರೋಸ್ ಎನ್ನುತ್ತೇವೆ. ಸುತ್ತ ನಿಂತ ಹೆಂಗಸರು ವೊವಿಯೊ ಹಾಡುತ್ತಾರೆ. ಒಬ್ಬಳು ಸಾಲು ಎತ್ತಿಕೊಡಬೇಕು, ಉಳಿದವರು ಅದನ್ನೇ ಹಿಂದೆ ಹೇಳಬೇಕು. ಒಂದು ಕಾಲದಲ್ಲಿ ಶಿರ್ವದ ಸುತ್ತಮುತ್ತ ಯಾರ ಮನೆಯಲ್ಲಿ ರೋಸ್ ಇದ್ದರೂ ಸಾಲು ಎತ್ತಿಕೊಡಲು ಅಮ್ಮನೇ ಬೇಕಿತ್ತು. ಹಳೆಯ ಸಾಲುಗಳು ಅವಳಿಗೆ ಬಾಯಿಪಾಠ. ಅವು ಮುಗಿದರೆ ಅಲ್ಲೇ ನಿಂತು ಹೊಸದು ಕಟ್ಟುತ್ತಿದ್ದಳು. ಹುಡುಗಿ ಕುಂಟೆಬಿಲ್ಲೆಯಲ್ಲಿ ಮೋಸ ಮಾಡುತ್ತಿದ್ದದ್ದು, ಹುಡುಗನ ತಾಯಿ ಮೀನು ಆರಿಸುವಾಗ ಮಾಡುವ ಜಗಳ, ಎಲ್ಲ ಹಾಡಿನೊಳಗೆ ಬರುತ್ತಿತ್ತು. ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಕೊನೆಯ ಸಾಲು ಮಾತ್ರ ಯಾವಾಗಲೂ ಹುಡುಗಿಯನ್ನು ಹರಸುವ ಹರಕೆಯ ಸಾಲು. ನಗುತ್ತಿದ್ದವರು ಅಲ್ಲಿಗೆ ಬಂದಾಗ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು.

ಅಪ್ಪ ಹೋದ ಮೇಲೆ ಅವಳನ್ನು ಯಾರೂ ಕರೆಯಲಿಲ್ಲ. ಬರಬೇಡ ಎಂದು ಯಾರೂ ಹೇಳಲಿಲ್ಲ, ನಮ್ಮವರು ಅಷ್ಟು ಒರಟರಲ್ಲ. ಸುಮ್ಮನೆ ಕರೆಯುವುದನ್ನು ಬಿಟ್ಟರು. ವಿಧವೆ ರೋಸಿಗೆ ಕೈ ಹಾಕಬಾರದು, ಸಾಲು ಎತ್ತಬಾರದು. ಇಂಥದ್ದೆಲ್ಲ ಬಿಡಿ ಎಂದು ಈಗ ಫಾದರ್‌ಗಳೇ ಹೇಳುತ್ತಾರೆ, ಕೆಲವರು ಬಿಟ್ಟೂ ಇದ್ದಾರೆ. ಆಗ ಬಿಟ್ಟಿರಲಿಲ್ಲ. ರೋಸಿನ ದಿನ ಚಪ್ಪರ ಹಾಕಿದ ಮನೆಗಳ ಮುಂದೆ ಹಾದುಹೋಗುವಾಗ ಅಮ್ಮನ ನಡಿಗೆ ಬಿರುಸಾಗುತ್ತಿದ್ದದ್ದನ್ನು ನಾನು ಕಂಡಿದ್ದೇನೆ.

ನನ್ನ ರೋಸ್ ಬಂದದ್ದು ಅದಾದ ಮೇಲೆ, ಈಗ್ಗೆ ಇಪ್ಪತ್ತು ವರ್ಷದ ಹಿಂದೆ. ಸಾಲು ಎತ್ತಿಕೊಟ್ಟದ್ದು ಅಪ್ಪನ ತಂಗಿ, ನನ್ನ ಅತ್ತೆ. ಅತ್ತೆಗೆ ಗಂಡ ಇದ್ದ, ಹಾಡು ಇರಲಿಲ್ಲ. ಕಾಯಿ ತುರಿದು ಹಾಲು ಹಿಂಡಿದವಳು ಅಮ್ಮ. ಆ ಹಾಲು ಅಡುಗೆಮನೆಯ ಹೊಸ್ತಿಲು ದಾಟಿದ ಮೇಲೆ ಅವಳದ್ದಲ್ಲ. ಅವಳು ಹೊಸ್ತಿಲ ಒಳಗೇ ನಿಂತು, ಅತ್ತೆ ಸಾಲು ಮರೆತಾಗಲೆಲ್ಲ ಒಳಗಿನಿಂದ ಹೇಳಿಕೊಡುತ್ತಿದ್ದಳು. ಮಗಳ ರೋಸಿನಲ್ಲಿ ತಾಯಿಗೆ ಸಿಕ್ಕಿದ ಜಾಗ ಅದು.

ಅದೆಲ್ಲ ಮುಗಿಯುತ್ತಾ ಬಂದಾಗ ಅತ್ತೆಯ ಹತ್ತಿರ ಇದ್ದಬದ್ದ ಸಾಲುಗಳೆಲ್ಲ ಖಾಲಿಯಾದವು. ಆಗ ಒಳಗಿನಿಂದ ಅಮ್ಮ ನನ್ನ ಮೇಲೆಯೇ ಕಟ್ಟಿ ಹಾಡಿದಳು. ಶನಿವಾರ ಎಣ್ಣೆ ಹಚ್ಚಲು ಕರೆದರೆ ಪೇರಳೆ ಮರ ಹತ್ತಿ ಕೂರುತ್ತಿದ್ದ ಹುಡುಗಿ. ಇಂದು ತಲೆಯ ಮೇಲೆ ಹಾಲು ಸುರಿದರೂ ಮರದ ಹಾಗೆ ಕೂತಿದ್ದಾಳೆ. ಇವು ಎರಡು ಸಾಲು. ಮೂರನೆಯದು ಹರಕೆಯ ಸಾಲು. ಆ ಮೂರನೆಯದೇ ನನಗೆ ನೆನಪಾಗುತ್ತಿರಲಿಲ್ಲ. ಕಣ್ಣು ಮೂಗಿನೊಳಗೆಲ್ಲ ತೆಂಗಿನ ಹಾಲು, ಸುತ್ತ ಗಲಾಟೆ, ಕೇಳಿದ್ದು ತಲೆಯಲ್ಲಿ ನಿಂತಿಲ್ಲ ಎಂದುಕೊಂಡಿದ್ದೆ. ಗಂಡನ ಮನೆಯಲ್ಲಿ ಹೊಸದರಲ್ಲಿ ಪಾತ್ರೆ ತೊಳೆಯುವಾಗ ಆ ಎರಡು ಸಾಲು ಗುನುಗುತ್ತಿದ್ದೆ. ಮೂರನೆಯ ಸಾಲಿನ ಹತ್ತಿರ ಬಂದು ನಿಲ್ಲುತ್ತಿದ್ದೆ.

ಅಮ್ಮನನ್ನು ಕೇಳಿದ್ದೂ ಉಂಟು. "ಆಗ ಬಾಯಿಗೆ ಬಂದದ್ದು, ಈಗ ಯಾರಿಗೆ ನೆನಪು?" ಎನ್ನುತ್ತಿದ್ದಳು. ಬಿಡದೆ ಕೇಳಿದರೆ, "ನಿನ್ನ ಅಣ್ಣ ಕ್ಯಾಸೆಟ್ಟಿನಲ್ಲಿ ಹಿಡಿದಿದ್ದಾನಲ್ಲ, ಅದರಲ್ಲಿ ಕೇಳು," ಎಂದು ಎದ್ದು ಹೋಗುತ್ತಿದ್ದಳು. ಕೇಳುವುದು ಹೇಗೆ? ರಜೆ ಮುಗಿಸಿ ಹೋಗುವಾಗ ಅಣ್ಣ ಅದನ್ನು ಓಡಿಸುವ ಕ್ಯಾಮರಾವನ್ನೂ ಒಯ್ದಿದ್ದ. ಮದುವೆಯ ದಿನ ಸ್ಟುಡಿಯೋದವರು ತೆಗೆದ ವಿಡಿಯೋ ಬೇರೆ. ಅದರಲ್ಲಿ ಮೊದಲಿನಿಂದ ಕೊನೆಯವರೆಗೆ ಸಿನಿಮಾ ಹಾಡು. ಮನುಷ್ಯರು ಬಾಯಿ ಆಡಿಸುತ್ತಾರೆ, ದನಿ ಯಾರದ್ದೂ ಇಲ್ಲ. ಆಗಿನ ಎಲ್ಲ ಮದುವೆ ವಿಡಿಯೋಗಳೂ ಹಾಗೆಯೇ, ಮನೆಯವರ ಮಾತು ಎಂದರೆ ಸ್ಟುಡಿಯೋದವರಿಗೆ ಕಸ. ಹಾಗಾಗಿ ಅಮ್ಮ ಹಾಡಿದ್ದು ಪ್ರಪಂಚದಲ್ಲಿ ಎಲ್ಲಾದರೂ ಉಳಿದಿದ್ದರೆ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಆ ಒಂದು ಕ್ಯಾಸೆಟ್ಟಿನಲ್ಲಿ ಮಾತ್ರ.

ಕ್ಯಾಸೆಟ್ ಇದ್ದದ್ದು ಶಿರ್ವದ ಮನೆಯಲ್ಲಿ, ಬಿಸ್ಕಿಟಿನ ಡಬ್ಬಿಯೊಳಗೆ, ಅಕ್ಕಿಯಲ್ಲಿ ಹೂತು. ಮಳೆಗಾಲದ ತೇವಕ್ಕೆ ಕ್ಯಾಸೆಟ್ ಬೂಷ್ಟು ಹಿಡಿಯುತ್ತದೆ ಎಂದು ಅಣ್ಣ ಯಾವಾಗಲೋ ಹೇಳಿದ್ದನಂತೆ. ತೇವ ಎಳೆಯಲು ಅಮ್ಮನಿಗೆ ಗೊತ್ತಿದ್ದದ್ದು ಅಕ್ಕಿ ಒಂದೇ, ಉಪ್ಪಿನ ಭರಣಿಗೂ ಅವಳು ನಾಲ್ಕು ಕಾಳು ಹಾಕುತ್ತಿದ್ದಳು. ಪ್ರತಿ ವರ್ಷ ಜೂನ್‌ಗೆ ಮೊದಲು ಹಳೆಯ ಅಕ್ಕಿ ಕೋಳಿಗಳಿಗೆ ಚೆಲ್ಲಿ ಹೊಸದು ತುಂಬುತ್ತಿದ್ದಳೆಂದು, ಅಣ್ಣ ಗಲ್ಫಿನಲ್ಲಿದ್ದಾಗ ಅವಳ ಜೊತೆಗಿದ್ದ ಅತ್ತಿಗೆ ಹೇಳಿದರು. ಕೊನೆಯ ವರ್ಷ ಅದು ಆಗಿರಲಿಲ್ಲ. ಡಬ್ಬಿ ತೆರೆದಾಗ ಕಪ್ಪು ಹುಳಗಳು ಹರಿದಾಡುತ್ತಿದ್ದವು, ಅಕ್ಕಿ ಹಿಟ್ಟಾಗಿತ್ತು. ಕ್ಯಾಸೆಟ್ಟನ್ನು ಅವಳು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ನೂಲು ಕಟ್ಟಿದ್ದರಿಂದ ಅದಕ್ಕೆ ಏನೂ ಆಗಿರಲಿಲ್ಲ.

ಅಣ್ಣನ ಹಳೆಯ ಹ್ಯಾಂಡಿಕ್ಯಾಮ್ ಅವನ ಫ್ಲ್ಯಾಟಿನ ಮೇಲಿನ ಕಪಾಟಿನಲ್ಲಿ ಸಿಕ್ಕಿತು. ಬ್ಯಾಟರಿ ಸತ್ತಿತ್ತು. ಚಾರ್ಜರಿನ ತಂತಿ ಕೊಟ್ಟರೆ ಜೀವ ಬರುತ್ತಿತ್ತು, ಕ್ಯಾಸೆಟ್ಟಿನ ಬಾಗಿಲು ಮಾತ್ರ ಬೆರಳಿನಿಂದ ಒತ್ತಿ ಹಿಡಿಯಬೇಕು. ಎರಡನ್ನೂ ಚೀಲದಲ್ಲಿ ಹಾಕಿಕೊಂಡು ಮೊದಲು ಮಣಿಪಾಲಕ್ಕೆ ಹೋದೆ, ಅಲ್ಲಿಯಾದರೆ ಎಲ್ಲ ಕಲಿತವರು ಎಂದು. ಅಂಗಡಿಯವನು ಕ್ಯಾಮರಾವನ್ನು ಅಜ್ಜನ ಹಲ್ಲಿನ ಸೆಟ್ ಹಿಡಿದ ಹಾಗೆ ಎರಡು ಬೆರಳಿನಲ್ಲಿ ಹಿಡಿದ. ಯುಎಸ್‌ಬಿ ತಂತಿ ಚುಚ್ಚಿ, "ಬಂತು ಮೇಡಂ," ಎಂದು ಖುಷಿಯಾಗಿ ಪೆನ್‌ಡ್ರೈವ್ ಕೊಟ್ಟ. ಮನೆಗೆ ಬಂದು ನೋಡಿದರೆ ಅದರಲ್ಲಿ ಇದ್ದದ್ದು ಅಣ್ಣನ ಫೋಟೋಗಳು. ಏರ್‌ಪೋರ್ಟಿನಲ್ಲಿ ಅಣ್ಣ, ಬಿಳಿ ಕಾರಿಗೆ ಒರಗಿ ಅಣ್ಣ, ಯಾವುದೋ ಕಾರಂಜಿಯ ಮುಂದೆ ಅಣ್ಣ. ಯುಎಸ್‌ಬಿಯಲ್ಲಿ ಬರುವುದು ಕ್ಯಾಮರಾದ ಕಾರ್ಡಿನಲ್ಲಿದ್ದ ಫೋಟೋ ಮಾತ್ರ. ಕ್ಯಾಸೆಟ್ಟಿನದ್ದು ಬರಬೇಕಾದರೆ ಫೈರ್‌ವೈರ್ ಎಂಬ ಬೇರೆ ತಂತಿ, ಅದು ಸಿಕ್ಕಿಸುವ ಕಿಂಡಿ ಇರುವ ಹಳೆಯ ಕಂಪ್ಯೂಟರ್ ಬೇಕಂತೆ. ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಆ ಕಿಂಡಿಯೇ ಇಲ್ಲ. ಉಡುಪಿಯಲ್ಲಿ ಕೇಳಿದ ಕಡೆಯೆಲ್ಲ ತಲೆ ಅಲ್ಲಾಡಿಸಿದರು. ಕೊನೆಗೆ ಕಾರ್ಕಳದಲ್ಲಿ ಮದುವೆ ವಿಡಿಯೋ ಮಾಡುತ್ತಿದ್ದ ಒಬ್ಬರ ಹತ್ತಿರ ಇರಬಹುದು ಎಂದು ತಿಳಿಯಿತು. ಬೆಳ್ಮಣ್ಣಿನ ದಾರಿಯ ಬಸ್ಸು ಹಿಡಿದು ಹೋದೆ.

ಆ ಮನುಷ್ಯ ಈಗ ಸ್ಟುಡಿಯೋ ಮುಚ್ಚಿ ಅದೇ ಕೋಣೆಯಲ್ಲಿ ಫ್ಲೆಕ್ಸ್ ಪ್ರಿಂಟ್ ಮಾಡಿಸಿಕೊಡುತ್ತಾರೆ. ಹಳೆಯ ಕಂಪ್ಯೂಟರ್ ಫ್ಲೆಕ್ಸ್ ಸುರುಳಿಗಳ ಹಿಂದೆ ಇತ್ತು. ಎಸೆಯಲು ಸೋಮಾರಿತನ ಎಂದು ಅವರೇ ಒಪ್ಪಿಕೊಂಡರು. ಇವರೂ ತಮ್ಮ ಕಾಲದಲ್ಲಿ ಯಾರದ್ದೆಲ್ಲ ದನಿ ಅಳಿಸಿ ಸಿನಿಮಾ ಹಾಡು ಹಾಕಿದವರೇ. ಕ್ಯಾಸೆಟ್ ಕೈಯಲ್ಲಿ ತೂಗಿ, "ಇದು ಫೈಲ್ ಕಾಪಿ ಮಾಡಿದ ಹಾಗೆ ಅಲ್ಲ ಮೇಡಂ. ಒಂದು ಗಂಟೆಯ ಕ್ಯಾಸೆಟ್ ಅಂದರೆ ಒಂದು ಗಂಟೆ ಓಡಬೇಕು. ನೀವು ಪೇಟೆ ಸುತ್ತಿ ಬನ್ನಿ," ಎಂದರು.

ನಾನು ಸ್ಟೂಲ್ ಎಳೆದುಕೊಂಡು ಅಲ್ಲೇ ಕುಳಿತೆ.

ಚಿತ್ರ ಬಂತು. ಮೊದಲು ಚೌಕ ಚೌಕವಾಗಿ ಒಡೆದು, ಆಮೇಲೆ ಕೂಡಿಕೊಂಡಿತು. ನಮ್ಮ ಚಪ್ಪರ, ಬಾಡಿಗೆ ಕುರ್ಚಿಗಳು, ಬಣ್ಣದ ಕಾಗದದ ತೋರಣ. ಈಗ ಇಗರ್ಜಿಯ ಹಿಂದಿನ ಗೋರಿಗಳಲ್ಲಿ ಮಲಗಿರುವ ಎಷ್ಟೋ ಜನ ಅಲ್ಲಿ ನಿಂತು ನಗುತ್ತಿದ್ದರು. ನಡುವೆ ಹಳೆಯ ಸೀರೆಯುಟ್ಟು, ಕಣ್ಣು ಮುಚ್ಚಿ, ಮುಖವೆಲ್ಲ ಬಿಳಿಯಾಗಿ ಕೂತವಳು ನಾನು.

ಅಮ್ಮ ಇರಲಿಲ್ಲ. ದನಿ ಇತ್ತು. ಅತ್ತೆ ತಡವರಿಸಿದ ಕಡೆಯೆಲ್ಲ ದೂರದಿಂದ ತೆಳ್ಳಗೆ, ಒಂದಿಷ್ಟೂ ತಪ್ಪದೆ ಬರುತ್ತಿತ್ತು. ಅದನ್ನು ಕೇಳಿದ್ದೇ ನಾನು ಕಾರ್ಕಳದ ಆ ಕೋಣೆಯಲ್ಲಿ ಅಪರಿಚಿತರೊಬ್ಬರ ಮುಂದೆ ಅತ್ತುಬಿಟ್ಟೆ. ಅವರು ಪಾಪ, ಫ್ಯಾನ್ ನನ್ನ ಕಡೆ ತಿರುಗಿಸಿದರು.

ಆಮೇಲೆ ಅಮ್ಮ ಕಾಣಿಸಿದಳು. ಹಾಲಿನ ಪಾತ್ರೆ ಕೊಡಲು ಹೊಸ್ತಿಲಿಗೆ ಬಂದಳು, ಮೊಣಕೈ ಮತ್ತು ಸೆರಗು ಕಂಡಿತು. ತಕ್ಷಣ ಕ್ಯಾಮರಾದ ಹತ್ತಿರದಿಂದ, ಸ್ಪೀಕರ್ ಒಡೆಯುವಷ್ಟು ಜೋರಾಗಿ, "ಮಾಂಯ್, ಕುಶಿಕ್ ಸರ್!"

ಅಮ್ಮಾ, ಪಕ್ಕಕ್ಕೆ ಸರಿ. ಅಣ್ಣನ ದನಿ. ಕ್ಯಾಮರಾ ಅವನ ಕೈಯಲ್ಲಿ, ಮೈಕು ಅವನ ಬಾಯಿಯ ಬುಡದಲ್ಲಿ. ಸೆರಗು ಹೋಯಿತು.

ಚಿತ್ರಕ್ಕೆ ಅಡ್ಡ ಬಂದಿರಬೇಕು ಎಂದುಕೊಂಡೆ. ನ್ಯಾಯ ಮಾಡಬೇಕಲ್ಲ. ಹಾಗೆಂದು ಗಮನವಿಟ್ಟು ನೋಡಿದೆ. ಬಿಯರ್ ಬಾಟಲಿ ಹಿಡಿದ ಚಿಕ್ಕಪ್ಪ ಕ್ಯಾಮರಾಕ್ಕೆ ಬೆನ್ನು ಹಾಕಿ ನಿಂತ, ಎಷ್ಟೋ ಹೊತ್ತು ಅವನ ಅಂಗಿಯೇ ಚಿತ್ರ. ಅಣ್ಣ ಮಾತಾಡಲಿಲ್ಲ. ಮಕ್ಕಳು ಓಡಿದರು, ಬ್ಯಾಂಡಿನವನು ಕುರ್ಚಿ ಹೊತ್ತುಕೊಂಡು ಹಾದುಹೋದ, ನೆರೆಮನೆಯ ನಾಯಿ ಬಂದು ಹಾಲಿನ ಪಾತ್ರೆ ಮೂಸಿತು. ನಾಯಿಯನ್ನು ನೋಡಿ ಅಣ್ಣ ನಕ್ಕ, ಹತ್ತಿರ ಹೋಗಿ ಅದರ ಮುಖ ದೊಡ್ಡದಾಗಿ ಹಿಡಿದ. ಅಮ್ಮ ಹೊಸ್ತಿಲಿಗೆ ಬಂದಾಗ ಮಾತ್ರ ಮತ್ತೆ, "ಕುಶಿಕ್ ಸರ್." ಕ್ಯಾಸೆಟ್ಟಿನಲ್ಲಿ ವಿಧವೆ ಕಂಡರೆ ನಾಳೆ ಹುಡುಗನ ಮನೆಯವರು ಏನೆನ್ನುತ್ತಾರೋ ಎಂಬ ಹೆದರಿಕೆ ಅವನಿಗೆ. ಅವನನ್ನು ಕೇಳಿದರೆ ಈಗಲೂ ಫ್ರೇಮಿಗೆ ಅಡ್ಡ ಬಂದಳು ಎನ್ನುತ್ತಾನೆ. ನಾಯಿಗೆ ಇದ್ದ ಫ್ರೇಮ್ ನನ್ನ ಅಮ್ಮನಿಗೆ ಇರಲಿಲ್ಲ.

ಕ್ಯಾಸೆಟ್ಟಿನ ಕೊನೆಯ ಕಡೆ ಆ ಹಾಡು ಬಂತು. ಪೇರಳೆ ಮರದ ಸಾಲು. ಹೆಂಗಸರೆಲ್ಲ ಗೊಳ್ಳೆಂದು ನಕ್ಕು ಹಿಂದೆ ಹೇಳಿದರು. ಎರಡನೆಯ ಸಾಲು, ಮರದ ಹಾಗೆ ಕೂತವಳದ್ದು. ಮತ್ತೆ ನಗು. ಹಾಡುವ ಹುಮ್ಮಸ್ಸಿನಲ್ಲಿ ಅವಳು ಹೊಸ್ತಿಲು ದಾಟಿರಬೇಕು, ದನಿ ಹತ್ತಿರವಾಯಿತು, ಚಿತ್ರದ ಅಂಚಿನಲ್ಲಿ ಅವಳ ಕೆನ್ನೆ, ಕಿವಿ, ತೆರೆದ ಬಾಯಿ. "ಧುವೆ," ಎಂದು ಎತ್ತಿಕೊಂಡಳು. ಮಗಳೇ.

"ಮಾಂಯ್! ಕುಶಿಕ್ ಸರ್ ಮ್ಹಳೆಂ ನೆ!" ಪಕ್ಕಕ್ಕೆ ಸರಿ ಅಂತ ಹೇಳಲಿಲ್ಲವಾ!

ಅದರ ಬೆನ್ನಿಗೇ ಅತ್ತೆ ಮೊದಲೇ ಹಾಡಿದ್ದ ಯಾವುದೋ ಸಾಲನ್ನು ಕಿರುಚಿಕೊಂಡು ಎತ್ತಿದಳು. ಬ್ಯಾಂಡ್ ಶುರುವಾಯಿತು.

"ನಿಲ್ಲಿಸಿ," ಎಂದೆ. ಕಂಪ್ಯೂಟರಿಗೆ ಇಳಿಯುತ್ತಿರುವಾಗ ಕ್ಯಾಪ್ಚರ್ ನಿಲ್ಲಿಸಬಾರದು ಎಂದು ಅವರು ಗೊಣಗಿದರು. ಕ್ಯಾಸೆಟ್ ಮುಗಿಯುವವರೆಗೂ ಕಾದೆ. ಆಮೇಲೆ ಆ ಜಾಗವನ್ನು ತೆರೆಸಿದೆ. ಪರದೆಯ ಮೇಲೆ ದನಿಯ ಗೆರೆ ಮೂಡಿತು. ಅಮ್ಮನದ್ದು ಹುಲ್ಲಿನ ಹಾಗೆ ಗಿಡ್ಡ, ಅಣ್ಣನದ್ದು ಮೇಲಿನಿಂದ ಕೆಳಗಿನವರೆಗೆ ತುಂಬಿದ ಗೋಡೆ.

"ಈ ಗಂಡಸಿನ ದನಿ ತೆಗೆದು ಹಿಂದಿನ ಹೆಂಗಸಿನ ದನಿ ಮಾತ್ರ ಇಡಬಹುದಾ?"

"ಎರಡೂ ಒಂದೇ ಮೈಕಿನಲ್ಲಿ ಬಂದದ್ದಲ್ವಾ? ಪೂರ್ತಿ ಆಗುವುದಿಲ್ಲ. ಸ್ವಲ್ಪ ತಗ್ಗಿಸಿ ನೋಡುವ." ಅವರು ಅದೂ ಇದೂ ಎಳೆದರು, ಕತ್ತರಿಸಿದರು. ಹೆಡ್‌ಫೋನ್ ಹಾಕಿಕೊಂಡು ನಾಲ್ಕಾರು ಸಲ ಕೇಳಿದರು. ಆಮೇಲೆ ಅದನ್ನು ನನ್ನ ಕಿವಿಗೆ ಹಾಕಿ, "ಇದರಡಿಯಲ್ಲಿ ಎಂತದ್ದೂ ಇಲ್ಲ ಮೇಡಂ. ಆ ಹೆಂಗಸು ಹಾಡುವುದು ನಿಲ್ಲಿಸಿದ್ದಾರೆ," ಎಂದರು.

ನಾನೂ ಕೇಳಿದೆ. ಅಣ್ಣನ ಮಾತು ಮುಗಿದು ಅತ್ತೆ ಶುರುಮಾಡುವ ಮೊದಲು ಒಂದು ಸಣ್ಣ ಬಿಡುವು ಇತ್ತು. ಅದರಲ್ಲಿ ಪಾತ್ರೆ ನೆಲಕ್ಕೆ ಇಟ್ಟ ಸದ್ದು, ಅಷ್ಟೇ. ಅಣ್ಣನ ದನಿಗೆ ಮುಚ್ಚಿಹಾಕಲು ಅಲ್ಲಿ ಏನೂ ಇರಲಿಲ್ಲ. ನಾನು ಮರೆತಿರಲೂ ಇಲ್ಲ. ಮೂರನೆಯ ಸಾಲನ್ನು ಅಮ್ಮ ಹಾಡಿಯೇ ಇರಲಿಲ್ಲ. ಚಿತ್ರದಲ್ಲಿ ನಾನು ಕಣ್ಣು ಮುಚ್ಚಿಕೊಂಡೇ ಮುಖವನ್ನು ಅಡುಗೆಮನೆಯ ಕಡೆ ತಿರುಗಿಸಿ ಕಾಯುತ್ತಿದ್ದೇನೆ. ಯಾರೋ ಗಲ್ಲ ಹಿಡಿದು ನನ್ನನ್ನು ಮತ್ತೆ ಕ್ಯಾಮರಾದ ಕಡೆಗೆ ತಿರುಗಿಸುತ್ತಾರೆ.

ಅಮ್ಮನಿಗೆ ಗೊತ್ತಿತ್ತು. ಕ್ಯಾಸೆಟ್ಟಿನಲ್ಲಿ ಕೇಳು ಎಂದು ಎದ್ದು ಹೋಗುವಾಗಲೂ ಗೊತ್ತಿತ್ತು. ಗೊತ್ತಿದ್ದೂ ವರ್ಷ ವರ್ಷ ಅಕ್ಕಿ ಬದಲಾಯಿಸಿದಳು. ಮಗನ ಮೇಲೆ ಒಂದು ಮಾತು ಹೇಳುವುದಕ್ಕಿಂತ ಹುಳ ಹಿಡಿದ ಅಕ್ಕಿ ಚೆಲ್ಲುವುದು ಅವಳಿಗೆ ಸುಲಭವಾಗಿತ್ತು. ಈ ತಾಯಂದಿರ ಮೇಲೂ ನನಗೆ ಸಿಟ್ಟಿದೆ. ನುಂಗಿಕೊಂಡು ನುಂಗಿಕೊಂಡು, ಕೊನೆಗೆ ಮಕ್ಕಳಿಗೆ ಒಂದು ಬರಿಯ ಡಬ್ಬಿ ಕೊಟ್ಟು ಹೋಗುತ್ತಾರೆ.

"ಇಲ್ಲಿ ಸೌಂಡ್ ಎಂತಕ್ಕೆ ಮೇಡಂ, ಬರೀ ಗಲಾಟೆ. ಕೊಳಲಿನದ್ದೊಂದು ಒಳ್ಳೆಯ ಮ್ಯೂಸಿಕ್ ಉಂಟು, ಹಾಕಿದರೆ ಚಂದ ಆಗ್ತದೆ," ಎಂದರು ಅವರು.

"ಫೋಟೋಗಳಿಗೆ ಹಾಕಿ," ಎಂದೆ. "ಈ ಹಾಡು ಮಾತ್ರ ಇದ್ದ ಹಾಗೆಯೇ ಇರಲಿ. ಕೊನೆಯಲ್ಲಿ ಪಾತ್ರೆ ಇಟ್ಟ ಸದ್ದು ಬರುತ್ತದಲ್ಲ, ಅಲ್ಲಿಗೆ ಕತ್ತರಿಸಿ."

ವರ್ಷದ ದಿನ ಪೂಜೆ ಮುಗಿದು ಎಲ್ಲರೂ ಹಾಲ್‌ಗೆ ಬಂದರು. ಹಿಂದಿನಿಂದ ಸಣ್ಣ ಎಂಬ ನಮ್ಮ ಇಡ್ಲಿಯ ಹಬೆ, ಮಾಂಸದ ಮಸಾಲೆಯ ಪರಿಮಳ. ಜನರ ಗಮನ ಅರ್ಧ ಅಲ್ಲೇ. ಅಣ್ಣ ಮುಂದೆ ನಿಂತು ಅಮ್ಮ ನಮಗಾಗಿ ಎಷ್ಟು ಕಷ್ಟಪಟ್ಟಳು ಎಂದು ಮಾತಾಡಿದ. ಆಸ್ಪತ್ರೆಯ ಮಾತು ಬಂದಾಗ ಅತ್ತುಬಿಟ್ಟ, ಅದು ನಾಟಕವಲ್ಲ. ಅಮ್ಮನ ಕೊನೆಯ ದಿನಗಳಲ್ಲಿ ಆಸ್ಪತ್ರೆಯಲ್ಲಿ ಅವಳ ಕಾಲು ಒತ್ತಿದವನೂ ಅವನೇ. ಅದಕ್ಕೇ ನನಗೆ ಅವನನ್ನು ಪೂರ್ತಿ ದ್ವೇಷಿಸಲೂ ಬರುವುದಿಲ್ಲ, ಆ ಸುಖವೂ ಇಲ್ಲ.

ದೀಪ ಆರಿಸಿದರು. ಫೋಟೋಗಳು, ಕೊಳಲು. ಕೊಳಲು ನಿಂತು ಕ್ಯಾಸೆಟ್ಟಿನ ಗಲಾಟೆ ಶುರುವಾದಾಗ ಜನ ತಲೆ ಎತ್ತಿದರು. ಪೇರಳೆ ಮರದ ಸಾಲಿಗೆ ಮುದುಕಿಯರು ನಕ್ಕರು, ಒಬ್ಬಿಬ್ಬರು ಜೊತೆಗೂಡಿದರು. ಮೂಲೆಯಲ್ಲಿದ್ದ ಅತ್ತೆ, ಈಗ ಅವಳಿಗೂ ಗಂಡನಿಲ್ಲ, ಹಾಡಲು ಬಾಯಿ ತೆರೆದು ಹಾಗೆಯೇ ಮುಚ್ಚಿಕೊಂಡಳು. ಪರದೆಯ ಅಂಚಿನಲ್ಲಿ ಅಮ್ಮನ ಕೆನ್ನೆ ಬಂತು. ಧುವೆ. ಆಮೇಲೆ ಅಣ್ಣನ ಕೂಗು ಇಡೀ ಹಾಲ್ ತುಂಬಿತು. ಪಾತ್ರೆಯ ಸದ್ದು. ಕತ್ತಲೆ.

ದೀಪ ಹಾಕಿದರು. ಅಣ್ಣ ನನ್ನ ಹತ್ತಿರ ಬಂದ. ನಾನು ಸಿದ್ಧಳಾಗಿ ನಿಂತಿದ್ದೆ, ಎಷ್ಟೋ ದಿನದಿಂದ ಸಿದ್ಧಳಾಗಿದ್ದೆ. ಅವನ ಕಣ್ಣು ಒದ್ದೆಯಾಗಿತ್ತು, ಮುಖದಲ್ಲಿ ನಗು.

"ನನ್ನ ದನಿ ಕೇಳಿದೆಯಾ? ಎಷ್ಟು ಎಳೆಯ ದನಿ ಮಾರಾಯ್ತಿ ಆಗ!" ಎಂದ. ಕರವಸ್ತ್ರದಿಂದ ಕಣ್ಣೊರೆಸಿಕೊಂಡ. "ಒಳ್ಳೆ ಮಾಡಿಸಿದ್ದಿ. ಅಮ್ಮನ ಹಾಡು ಯಾಕೆ ಮಧ್ಯದಲ್ಲೇ ಕಟ್ ಆಯಿತು? ಕ್ಯಾಸೆಟ್ ಹಾಳಾಗಿತ್ತಾ?"

"ಇಲ್ಲ. ಕ್ಯಾಸೆಟ್ ಚೆನ್ನಾಗಿಯೇ ಇತ್ತು."

"ಮತ್ತೆ?"

"ನೀನು ಪಕ್ಕಕ್ಕೆ ಸರಿ ಎಂದೆಯಲ್ಲ ಅಣ್ಣ," ಎಂದೆ. "ಸರಿದಳು."